ಬೆನ್ನಿಗೆ ಮಣ್ಣು ಹತ್ತಿದ ಮೇಲೂ ಗೆಲ್ಲೋದು ಹೇಗೆ?

ನಮ್ಮ ಚಿಕ್ಕಪ್ಪ ಹುಡುಗನಾಗಿದ್ದಾಗ ಗರಡಿ ಮನೆಯಲ್ಲಿ ಸಾಮು ಮಾಡಿದವರು. ಈಗಲೂ ಕುಸ್ತಿ ಅಂದರೆ ಊಟ ಬಿಟ್ಟು ಕೂರುತ್ತಾರೆ. ಒಂದು ಭಾನುವಾರ ಅವರಿಗೆ ನನ್ನ ಫೋನಿನಲ್ಲಿ ಒಂದು ಹಳೇ ಪಂದ್ಯ ತೋರಿಸಿದೆ. 1994ರ ಡಿಸೆಂಬರ್ 16, ಅಮೆರಿಕದ ಓಕ್ಲಹೋಮಾ ರಾಜ್ಯದ ಟಲ್ಸಾ ಊರು. ಬೇರೆ ಬೇರೆ ಕಾಳಗದ ಕಲೆಯವರನ್ನು ಎದುರುಬದುರು ನಿಲ್ಲಿಸುವ ಯುಎಫ್‌ಸಿ, ಅಂದರೆ ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಶಿಪ್‌ನ ನಾಲ್ಕನೇ ಕೂಟದ ಫೈನಲ್.

ಒಂದು ಕಡೆ ಡ್ಯಾನ್ ಸೆವರ್ನ್. 110 ಕೆಜಿಗೂ ಮೇಲಿದ್ದ ಕುಸ್ತಿಪಟು. ದಪ್ಪ ಮೀಸೆ, ಕಂಬದಂಥ ಕತ್ತು. ಅದೇ ರಾತ್ರಿ ಮೊದಲ ಪಂದ್ಯದಲ್ಲಿ ಎದುರಾಳಿಯನ್ನು ಹಿಂದಿನಿಂದ ತಬ್ಬಿ ಎತ್ತಿ, ತನ್ನ ತಲೆ ಮೇಲಿಂದ ಹಿಂದಕ್ಕೆ ಒಗೆದಿದ್ದ. ಅದೂ ಎರಡು ಸಲ. ಇನ್ನೊಂದು ಕಡೆ ಬ್ರೆಜಿಲ್‌ನ ಹಾಯ್ಸ್ ಗ್ರೇಸಿ. 80 ಕೆಜಿ ಆಸುಪಾಸು, ಬಿಳಿ ಜೂಡೋ ಅಂಗಿ. ನೋಡಿದರೆ ಬ್ಯಾಂಕಿನ ಕೌಂಟರಿನಲ್ಲಿ ಕೂತಿರುವ ಹುಡುಗನ ಥರ ಇದ್ದ.

ಸೆವರ್ನ್ ಅವನನ್ನು ಕೆಡವಿ ಮೇಲೆ ಬಿದ್ದ. ಹಾಯ್ಸ್ ಬೆನ್ನು ನೆಲಕ್ಕೆ ಅಂಟಿತು.

"ಮುಗೀತಲ್ಲೋ, ಚಿತ್ ಆದ. ಇನ್ನೇನು ನೋಡೋದು?" ಅಂದರು ಚಿಕ್ಕಪ್ಪ.

"ಮುಗಿದಿಲ್ಲ ಚಿಕ್ಕಪ್ಪ, ಸ್ವಲ್ಪ ತಡೀರಿ" ಅಂದೆ.

ಸ್ವಲ್ಪ ಅಂದರೆ ಕಾಲು ಗಂಟೆ. ಹಾಯ್ಸ್ ಕೆಳಗೆ, ಸೆವರ್ನ್ ಮೇಲೆ. ಮೇಲಿದ್ದವನು ಆಗಾಗ ಒಂದು ಏಟು ಹಾಕುತ್ತಾನೆ, ಮೊಣಕೈ ಒತ್ತುತ್ತಾನೆ. ಕೆಳಗಿದ್ದವನು ತಬ್ಬಿಕೊಂಡೇ ಇದ್ದಾನೆ. ಚಿಕ್ಕಪ್ಪ ಎದ್ದು ಹೋಗಿ ಕಾಫಿ ತಂದುಕೊಂಡರು. ವಾಪಸ್ ಬರೋ ಹೊತ್ತಿಗೆ ಹಾಯ್ಸ್ ಕಾಲು ನಿಧಾನಕ್ಕೆ ಮೇಲೇರುತ್ತಿತ್ತು. ಒಂದು ಕಾಲು ಸೆವರ್ನ್ ಕತ್ತಿನ ಹಿಂದೆ ಹೋಯಿತು. ಇನ್ನೊಂದು ಕಾಲು ಬಂದು ಆ ಪಾದವನ್ನು ಕೊಂಡಿ ಹಾಕಿದ ಹಾಗೆ ಹಿಡಿಯಿತು. 15 ನಿಮಿಷ 49 ಸೆಕೆಂಡಿಗೆ ಪಂದ್ಯ ನಿಂತಿತು.

"ಯಾರು ಗೆದ್ದಿದ್ದು?" ಚಿಕ್ಕಪ್ಪನ ಕೈಯಲ್ಲಿ ಲೋಟ ಹಾಗೇ ಇತ್ತು.

"ಕೆಳಗಿದ್ದವನು."

ಅವತ್ತು ಅಮೆರಿಕದಲ್ಲಿ ದುಡ್ಡು ಕೊಟ್ಟು ಟಿವಿಯಲ್ಲಿ ನೋಡುತ್ತಿದ್ದ ಎಷ್ಟೋ ಜನರಿಗೆ ಈ ಅಂತ್ಯ ಕಾಣಲೇ ಇಲ್ಲ. ಕಾರ್ಯಕ್ರಮಕ್ಕೆ ಕೊಟ್ಟಿದ್ದ ಸಮಯ ಮುಗಿದು ಪ್ರಸಾರ ಕಟ್ ಆಗಿತ್ತು. ಪಂದ್ಯ ಇಷ್ಟು ಹೊತ್ತು ನಡೆಯಬಹುದು ಅಂತ ಯಾರೂ ಎಣಿಸಿರಲಿಲ್ಲ.

ಇಂಥ ಬೆರಕೆ ಕಾಳಗಕ್ಕೆ ಈಗಿನ ಹೆಸರು ಎಂಎಂಎ, ಅಂದರೆ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್. ಈ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್‌ನ ಮೊದಲ ವರ್ಷಗಳ ಪಂದ್ಯಗಳನ್ನು ಇವತ್ತು ನೋಡಿದರೆ ಮೊದಲಿಗೆ ಬೇಜಾರಾಗುತ್ತೆ, ಆಮೇಲೆ ಗೊಂದಲ ಆಗುತ್ತೆ. ಆ ಗೊಂದಲಕ್ಕೆ ಕಾರಣ ಒಂದೇ. ಬೆನ್ನು ನೆಲಕ್ಕೆ ಹತ್ತಿದರೆ ಸೋಲು ಅನ್ನೋದು ನಮ್ಮ ತಲೆಯಲ್ಲಿ ಆಳವಾಗಿ ಕೂತಿದೆ. ನಮ್ಮ ಮಟ್ಟಿಯ ಕುಸ್ತಿಯಲ್ಲಿ ಚಿತ್ ಆದರೆ ಆಟ ಮುಗಿಯಿತು. ಒಲಿಂಪಿಕ್ ಕುಸ್ತಿಯಲ್ಲೂ ಎರಡೂ ಭುಜ ಮ್ಯಾಟಿಗೆ ಹತ್ತಿದರೆ ಮುಗಿಯಿತು. ಜೂಡೋದಲ್ಲಿ ಬೆನ್ನ ಮೇಲೆ ಬೀಳುವಂತೆ ಸರಿಯಾಗಿ ಒಗೆದರೆ ಅಲ್ಲಿಗೇ ಗೆಲುವು. ಬಾಕ್ಸಿಂಗ್‌ನಲ್ಲಂತೂ ಬಿದ್ದವನಿಗೆ ಹತ್ತು ಎಣಿಸುತ್ತಾರೆ. ಹೀಗೆ ಬೇರೆ ಬೇರೆ ದೇಶದ ಆಟಗಳೆಲ್ಲ ಒಂದೇ ಮಾತು ಹೇಳುತ್ತಿದ್ದವು. ಗ್ರೇಸಿ ಮನೆತನದ ಆಟ ಮಾತ್ರ ಈ ಮಾತನ್ನು ಒಪ್ಪಲಿಲ್ಲ. 'ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಅಂತ ನಾವು ಗೇಲಿ ಮಾಡೋಕೆ ಹೇಳ್ತೀವಲ್ಲ, ಆ ಮನೆಯವರು ಅದನ್ನೇ ಒಂದು ವಿದ್ಯೆ ಮಾಡಿಕೊಂಡಿದ್ದರು.

ಹೆಸರಿನ ಬಗ್ಗೆ ಒಂದು ಮಾತು. ಸ್ಪೆಲ್ಲಿಂಗ್ ನೋಡಿ ಎಲ್ಲರೂ ರಾಯ್ಸ್ ಅಂತ ಓದುತ್ತಾರೆ. ಬ್ರೆಜಿಲ್‌ನವರು ಹೆಸರಿನ ಶುರುವಿನಲ್ಲಿ ಆರ್ ಅಕ್ಷರ ಇದ್ದರೆ ಹಕಾರ ಹಚ್ಚುತ್ತಾರೆ. ಹೆಚ್ ಅಕ್ಷರ ಇದ್ದರೆ ನುಂಗಿಬಿಡುತ್ತಾರೆ. ಹಾಗಾಗಿ ಇವನು ಹಾಯ್ಸ್, ಅಣ್ಣ ಹೋರಿಯನ್, ಅಪ್ಪ ಎಲಿಯೊ. ಹಾಲಿಗೆ ಆಲು ಅನ್ನೋ ನಮಗೆ ಇದೇನು ಹೊಸದಲ್ಲ ಬಿಡಿ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಮಿತ್ಸುಯೊ ಮಯೆದಾ ಅನ್ನೋ ಜಪಾನಿ ಜೂಡೋ ಪಟು 1914ರಲ್ಲಿ ಬ್ರೆಜಿಲ್‌ಗೆ ಬಂದ. ಬೆಲೆಂ ಊರಿನಲ್ಲಿ ಕಾರ್ಲೋಸ್ ಗ್ರೇಸಿ ಎಂಬ ಹುಡುಗ ಅವನಿಂದ ಕಲಿತ. ಕಾರ್ಲೋಸ್ ತಮ್ಮ ಎಲಿಯೊ ಸಣಕಲ. ಎತ್ತಿ ಒಗೆಯೋಕೆ ಶಕ್ತಿ ಬೇಕು, ಅದು ಅವನಲ್ಲಿರಲಿಲ್ಲ. ಹೇಗೂ ಕೆಳಗೆ ಬೀಳೋದೇ, ಬಿದ್ದ ಮೇಲೆ ಏನು ಮಾಡಬಹುದು ಅನ್ನೋದರ ಮೇಲೆ ಮನೆಯವರು ಜಾಸ್ತಿ ತಲೆ ಕೆಡಿಸಿಕೊಂಡರು. ಹೀಗೆ ಬೆಳೆದದ್ದು ಬ್ರೆಜಿಲಿಯನ್ ಜಿಯು ಜಿಟ್ಸು.

ಅದರ ಜೀವಾಳ ಗಾರ್ಡ್ ಅನ್ನೋ ಭಂಗಿ. ಅಂಗಾತ ಮಲಗಿದವನು ಎರಡೂ ಕಾಲುಗಳಿಂದ ಮೇಲಿದ್ದವನ ಸೊಂಟ ಸುತ್ತುತ್ತಾನೆ, ಹಿಂದೆ ಪಾದ ಕತ್ತರಿ ಹಾಕುತ್ತಾನೆ. ನೋಡೋಕೆ ಮೇಲಿದ್ದವನದೇ ಕೈ ಮೇಲು. ಆದರೆ ಅವನ ಪಾಡು ನೋಡಿ. ಏಟಿಗೆ ಬಲ ಬರೋದು ಪಾದ ಊರಿ ಸೊಂಟ ತಿರುಗಿಸಿದಾಗ. ಮೇಲಿದ್ದವನು ಮಂಡಿಯೂರಿದ್ದಾನೆ, ಸೊಂಟ ಬೇರೆಯವನ ಕಾಲುಗಳ ಮಧ್ಯೆ ಸಿಕ್ಕಿದೆ. ಕೆಳಗಿದ್ದವನು ಕತ್ತು ಹಿಡಿದು ಎದೆಗೆ ಎಳೆದುಕೊಂಡರೆ ಬೆನ್ನು ಬಗ್ಗುತ್ತೆ. ಆಗ ಉಳಿಯೋದು ಬರೀ ತೋಳಿನ ಬಲ. ಇತ್ತ ಕೆಳಗಿದ್ದವನ ಎರಡು ಕೈ, ಎರಡು ಕಾಲು ನಾಲ್ಕೂ ಆಟದಲ್ಲಿವೆ. ಮೇಲಿದ್ದವನು ಏಟು ಹಾಕೋಕೆ ಒಂದು ಕೈ ಚಾಚಿದರೆ ಸಾಕು, ಆ ಕೈ ಸಿಕ್ಕಿಬೀಳುತ್ತೆ.

ಸೆವರ್ನ್‌ಗೆ ಆದದ್ದೂ ಹೀಗೇ. ದವಡೆಯ ಕೆಳಗೆ, ಗಂಟಲಿನ ಎರಡೂ ಬದಿಗೆ ಬೆರಳಿಟ್ಟರೆ ನಾಡಿ ಸಿಗುತ್ತೆ. ಇಟ್ಟು ನೋಡಿ, ಒತ್ತಬೇಡಿ. ಮಿದುಳಿಗೆ ರಕ್ತ ಹೋಗುವ ದೊಡ್ಡ ನಾಳಗಳು ಅವು. ಎರಡನ್ನೂ ಸರಿಯಾಗಿ ಅದುಮಿದರೆ ಹತ್ತು ಸೆಕೆಂಡಿನ ಒಳಗೇ ಕಣ್ಣು ಕತ್ತಲೆ ಬಂದು ಪ್ರಜ್ಞೆ ತಪ್ಪುತ್ತೆ. ಟ್ರಯಾಂಗಲ್ ಚೋಕ್ ಅನ್ನೋ ಪಟ್ಟಿನಲ್ಲಿ ಎದುರಾಳಿಯ ಕತ್ತು ಮತ್ತು ಒಂದು ತೋಳು ಕಾಲುಗಳ ತ್ರಿಕೋನದೊಳಗೆ ಸಿಕ್ಕಿಕೊಳ್ಳುತ್ತವೆ. ಒಂದು ಬದಿಯ ನಾಳವನ್ನು ಹಿಡಿದವನ ತೊಡೆ ಅದುಮುತ್ತೆ. ಇನ್ನೊಂದು ಬದಿಯದನ್ನು ಅದುಮೋದು ಸಿಕ್ಕಿಬಿದ್ದವನ ಸ್ವಂತ ಭುಜವೇ! ಕತ್ತು ಎಷ್ಟು ದಪ್ಪ ಇದ್ದರೇನು, ರಕ್ತನಾಳಕ್ಕೆ ಯಾವ ಸಾಮೂ ಇಲ್ಲವಲ್ಲ. 30 ಕೆಜಿ ವ್ಯತ್ಯಾಸ ಮಾಯವಾಗಿದ್ದು ಅಲ್ಲೇ.

ಇದೆಲ್ಲ ಶುರುವಾದದ್ದು ಅದಕ್ಕೂ ಒಂದು ವರ್ಷ ಮೊದಲು, 1993ರ ನವೆಂಬರ್ 12ರಂದು, ಕೊಲೊರಾಡೊ ರಾಜ್ಯದ ಡೆನ್ವರ್‌ನಲ್ಲಿ. ಹೋರಿಯನ್ ಗ್ರೇಸಿ ಮತ್ತು ಜಾಹೀರಾತು ಕ್ಷೇತ್ರದ ಆರ್ಟ್ ಡೇವಿ ಸೇರಿ ಮೊದಲ ಯುಎಫ್‌ಸಿಯ ಯೋಜನೆ ಮಾಡಿದ್ದರು. ಬಾಕ್ಸಿಂಗ್ ಹೆಚ್ಚೋ, ಕರಾಟೆ ಹೆಚ್ಚೋ, ಸುಮೋ ಹೆಚ್ಚೋ ಅಂತ ಹುಡುಗರು ಕಟ್ಟೆ ಮೇಲೆ ಕೂತು ವಾದ ಮಾಡ್ತಾರಲ್ಲ, ಅದನ್ನು ನಿಜವಾಗಿಯೂ ತೀರ್ಮಾನ ಮಾಡೋಣ ಅನ್ನೋದು ಲೆಕ್ಕ. ಎಂಟು ಜನ, ಒಂದೇ ರಾತ್ರಿ, ಎಂಟು ಮೂಲೆಯ ತಂತಿಬೇಲಿಯ ಅಂಕಣ, ಗೆದ್ದವನಿಗೆ 50,000 ಡಾಲರ್. ತೂಕದ ವರ್ಗ ಇಲ್ಲ. ಕಚ್ಚಬಾರದು, ಕಣ್ಣಿಗೆ ಬೆರಳು ಹಾಕಬಾರದು ಅನ್ನೋಂಥ ಒಂದೆರಡು ಕಟ್ಟು ಬಿಟ್ಟರೆ ನಿಯಮವೂ ಇಲ್ಲ. ಪಂದ್ಯ ನಿಲ್ಲಿಸೋ ಅಧಿಕಾರ ರೆಫರಿಗೂ ಇಲ್ಲ. ಸೋತವನು ಕೈ ತಟ್ಟಬೇಕು, ಇಲ್ಲವೇ ಅವನ ಕಡೆಯವರು ಟವೆಲ್ ಎಸೆಯಬೇಕು.

ಈ ಕೊನೆಯ ಮಾತು ನನಗೆ ಇವತ್ತಿಗೂ ಹಿಡಿಸುವುದಿಲ್ಲ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ಜಟ್ಟಿಗಳು ವಜ್ರಮುಷ್ಟಿ ಕಾಳಗ ಆಡುತ್ತಾರೆ. ಬೋಳಿಸಿದ ತಲೆ, ಮುಷ್ಟಿಯಲ್ಲಿ ಮೊನಚು ಆಯುಧ. ನೋಡೋಕೆ ಅದಕ್ಕಿಂತ ಭಯಂಕರ ಇನ್ನೊಂದಿಲ್ಲ. ಆದರೆ ಒಬ್ಬನ ತಲೆಯಲ್ಲಿ ರಕ್ತ ಕಂಡ ಕೂಡಲೇ ಬಿಡಿಸಿಬಿಡುತ್ತಾರೆ, ಎಷ್ಟೋ ಸಲ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತೆ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರೋದೂ ಕಾಳಗದ ಭಾಗವೇ. ಡೆನ್ವರ್‌ನಲ್ಲಿ ಅದನ್ನು ಯೋಚಿಸಿರಲಿಲ್ಲ.

ಟಿವಿಯಲ್ಲಿ ಬಂದ ಮೊದಲ ಪಂದ್ಯದಲ್ಲೇ ಅದು ಗೊತ್ತಾಯಿತು. ಹವಾಯಿಯ ದೈತ್ಯ ಸುಮೋಪಟು ಟೈಲಾ ಟುಲಿ ತಲೆ ತಗ್ಗಿಸಿ ನುಗ್ಗಿದ. ನೆದರ್‌ಲ್ಯಾಂಡ್ಸ್‌ನ ಜೆರಾರ್ಡ್ ಗೊರ್ಡೊ ಹಿಂದೆ ಹಿಂದೆ ಸರಿದ. ಟುಲಿ ಬೇಲಿ ಹತ್ತಿರ ಮುಗ್ಗರಿಸಿದ. ಅವನು ಏಳುವ ಮೊದಲೇ ಗೊರ್ಡೊ ಮುಖಕ್ಕೆ ಒದ್ದ. ಒಂದು ಹಲ್ಲು ಹಾರಿ ಬೇಲಿಯಾಚೆ ಹೋಯಿತು. ಒಟ್ಟು 26 ಸೆಕೆಂಡ್. ಇನ್ನಷ್ಟು ಹಲ್ಲಿನ ಚೂರು ಗೊರ್ಡೊ ಪಾದದೊಳಗೇ ಉಳಿದಿತ್ತು. ಅದೇ ಪಾದದಲ್ಲಿ ಅವನು ಅವತ್ತು ಇನ್ನೂ ಎರಡು ಪಂದ್ಯ ಆಡಿದ.

ಹಾಯ್ಸ್ ಪಂದ್ಯಗಳು ಇದಕ್ಕೆ ತೀರಾ ಉಲ್ಟಾ. ಮೊದಲಿಗೆ ಸಿಕ್ಕವನು ಆರ್ಟ್ ಜಿಮ್ಮರ್ಸನ್ ಎಂಬ ಬಾಕ್ಸರ್. ಒಂದೇ ಕೈಗೆ ಗ್ಲೌಸ್ ಹಾಕಿಕೊಂಡು ಬಂದಿದ್ದ. ಹಾಯ್ಸ್ ಅವನನ್ನು ಕೆಡವಿ ಎದೆ ಮೇಲೆ ಕೂತ. ಇನ್ನೂ ಯಾವ ಪಟ್ಟೂ ಹಾಕಿರಲಿಲ್ಲ, ಬಾಕ್ಸರ್ ಕೈ ತಟ್ಟಿಬಿಟ್ಟ. ನೆಲದ ಮೇಲೆ ಏನು ಮಾಡಬೇಕು ಅನ್ನೋದರ ಅ ಆ ಇ ಈ ಕೂಡ ಅವನಿಗೆ ಗೊತ್ತಿರಲಿಲ್ಲ. ಈಜು ಬಾರದವನನ್ನು ಬಾವಿಗೆ ಇಳಿಸಿದ ಹಾಗೆ. ಎರಡನೆಯವನು ಕೆನ್ ಶ್ಯಾಮ್‌ರಾಕ್, ಜಪಾನಿನಲ್ಲಿ ಇಂಥ ಪಂದ್ಯ ಆಡಿ ಬಂದಿದ್ದವನು. ಅವನ ಕತೆ 57 ಸೆಕೆಂಡಿಗೆ ಮುಗಿಯಿತು. ಫೈನಲ್‌ನಲ್ಲಿ ಗೊರ್ಡೊ. ಅವನು ಹಾಯ್ಸ್‌ನ ಕಿವಿ ಕಚ್ಚಿದ. ಇದ್ದ ಒಂದೆರಡು ನಿಯಮದಲ್ಲಿ ಅದೂ ಒಂದು, ನೋಡಿ. ಹಾಯ್ಸ್ ಅವನ ಬೆನ್ನೇರಿ ಕತ್ತು ಬಿಗಿದ. ಗೊರ್ಡೊ ಕೈ ತಟ್ಟಿದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ, ಕಚ್ಚಿದ್ದಕ್ಕೆ ಬಡ್ಡಿ. ಮೂರೂ ಪಂದ್ಯ ಸೇರಿ ಐದು ನಿಮಿಷ ತುಂಬಲಿಲ್ಲ.

ಹೋರಿಯನ್‌ಗೆ ಬೇಕಾಗಿದ್ದೂ ಇದೇ. ಮನೆಯಲ್ಲಿ ಇನ್ನೂ ಕಟ್ಟುಮಸ್ತಾದ ಹಿಕ್ಸನ್ ಇದ್ದ. ಅವನನ್ನು ಬಿಟ್ಟು ಸಣ್ಣಗಿದ್ದ ಹಾಯ್ಸ್‌ನನ್ನು ಇಳಿಸಿದರು. ಪೈಲ್ವಾನ ಗೆದ್ದರೆ ಜನ ಪೈಲ್ವಾನನನ್ನು ಹೊಗಳುತ್ತಾರೆ, ಸಣಕಲ ಗೆದ್ದರೆ ವಿದ್ಯೆಯನ್ನು ಹೊಗಳುತ್ತಾರೆ. ಕ್ರೀಡೆಯ ಹೆಸರಿನಲ್ಲಿ ನಡೆದ ಜಾಹೀರಾತುಗಳಲ್ಲಿ ಇದರಷ್ಟು ಚೆನ್ನಾಗಿ ಕೆಲಸ ಮಾಡಿದ್ದನ್ನು ನಾನಂತೂ ಕಂಡಿಲ್ಲ.

ಆದರೆ ವಿದ್ಯೆಯನ್ನು ಎಲ್ಲರೆದುರು ತೋರಿಸಿದರೆ ಎಲ್ಲರೂ ಕಲಿಯುತ್ತಾರೆ. 1995ರ ಏಪ್ರಿಲ್‌ನಲ್ಲಿ ಶ್ಯಾಮ್‌ರಾಕ್ ಮತ್ತೆ ಎದುರಾದ. ಈ ಸಲ ಅವನು ಹಾಯ್ಸ್ ಗಾರ್ಡಿನೊಳಗೆ ಕೂತ, ತಲೆ ತಗ್ಗಿಸಿಟ್ಟ, ಕೈ ಚಾಚಲಿಲ್ಲ, ಯಾವ ತಪ್ಪೂ ಮಾಡಲಿಲ್ಲ. ಕೈ ಕೊಟ್ಟರೆ ತಾನೇ ಸಿಕ್ಕಿಬೀಳೋದು? 36 ನಿಮಿಷ ಹೀಗೇ ಕಳೆದು ಪಂದ್ಯ ಡ್ರಾ ಆಯಿತು. ಜನ ಕೂಗಾಡಿದರು. ನೋಡೋಕೆ ಅದರಷ್ಟು ನೀರಸ ಪಂದ್ಯ ಇನ್ನೊಂದಿಲ್ಲ, ಆದರೆ ಒಂದು ವಿಷಯ ಸಾಬೀತಾಯಿತು. ಗಾರ್ಡಿಗೂ ಬೀಗ ಹಾಕಬಹುದು. ಆ ಕೂಟದಿಂದ ಪಂದ್ಯಗಳಿಗೆ ಸಮಯದ ಮಿತಿಯೂ ಬಂತು. ಗ್ರೇಸಿಗಳಿಗೆ ಅದು ಒಪ್ಪಿಗೆಯಾಗಲಿಲ್ಲ, ಯುಎಫ್‌ಸಿ ಬಿಟ್ಟು ಹೊರಟರು. ಕಾಯೋದೇ ಅವರ ಆಯುಧ, ಗಡಿಯಾರ ಬಂದರೆ ಅದು ಮೊಂಡಾಗುತ್ತೆ.

ಬೀಗ ಹಾಕೋದಷ್ಟೇ ಅಲ್ಲ, ಬಾಗಿಲನ್ನೇ ಒಡೆಯಬಹುದು ಅಂತ ತೋರಿಸಿದವನು ಮಾರ್ಕ್ ಕೋಲ್‌ಮನ್. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ ಆಡಿದ ಕುಸ್ತಿಪಟು. ಕೆಡವೋದು ಅವನಿಗೆ ನೀರು ಕುಡಿದಷ್ಟು ಸುಲಭ. ಕೆಳಗಿನವನು ತಲೆ ಹಿಡಿದು ಎದೆಗೆ ಎಳೆದುಕೊಂಡರೆ ಏಟಿಗೆ ಬಲ ಇರೋದಿಲ್ಲ ಅಂದೆನಲ್ಲ. ಕೋಲ್‌ಮನ್ ಹೇಳಿದ್ದು, ಎಳೆದುಕೋ ಪರವಾಗಿಲ್ಲ, ತಲೆಯಿಂದಲೇ ಗುದ್ದುತ್ತೇನೆ. ಆಗ ಅದಕ್ಕೆ ಅನುಮತಿ ಇತ್ತು. ಹಾಯ್ಸ್ ಮುಚ್ಚಿಟ್ಟಿದ್ದ ದಾರಿ ಹಣೆಯ ಏಟಿನಿಂದ ತೆರೆಯಿತು. ಕೆಡವಿ, ಮೇಲೆ ಕೂತು, ಬಡಿಯೋ ಈ ವರಸೆಗೆ ಗ್ರೌಂಡ್ ಆ್ಯಂಡ್ ಪೌಂಡ್ ಅನ್ನೋ ಹೆಸರು ಅಂಟಿತು. 1997ರ ಫೆಬ್ರವರಿಯಲ್ಲಿ ಅವನು ಅದೇ ಸೆವರ್ನ್‌ನನ್ನು ಮೂರೇ ನಿಮಿಷದೊಳಗೆ ಕತ್ತು ತಿರುಚಿ ಸೋಲಿಸಿ, ಯುಎಫ್‌ಸಿಯ ಮೊದಲ ಹೆವಿವೇಟ್ ಚಾಂಪಿಯನ್ ಆದ.

ಇಷ್ಟು ಹೊತ್ತಿಗೆ ಈ ಆಟದ ತಲೆ ಮೇಲೆ ಕತ್ತಿ ತೂಗುತ್ತಿತ್ತು. ಸೆನೆಟರ್ ಜಾನ್ ಮೆಕೇನ್ ಇದರ ವಿಡಿಯೊ ನೋಡಿ ಸಿಟ್ಟಾಗಿ, ನಿಷೇಧಿಸಿ ಅಂತ 50 ರಾಜ್ಯಗಳ ಗವರ್ನರ್‌ಗಳಿಗೂ ಕಾಗದ ಬರೆದಿದ್ದರು. ಅವರು ಇದಕ್ಕೆ ಇಟ್ಟ ಹೆಸರನ್ನು ಕನ್ನಡದಲ್ಲಿ ಹೇಳೋದಾದರೆ ಮನುಷ್ಯರ ಕೋಳಿ ಅಂಕ. ಕೋಲ್‌ಮನ್ ಗೆದ್ದ ಆ ಕೂಟವೇ ನ್ಯೂಯಾರ್ಕ್ ರಾಜ್ಯದಲ್ಲಿ ನಡೆಯಬೇಕಿತ್ತು. ಕೊನೇ ಗಳಿಗೆಯಲ್ಲಿ ತಡೆ ಬಂದು, ಇಡೀ ಸರಂಜಾಮನ್ನು ವಿಮಾನಕ್ಕೇರಿಸಿ ಅಲಬಾಮಾ ರಾಜ್ಯದ ಡೋಥನ್ ಊರಿಗೆ ಸಾಗಿಸಿದರು. ಊರೂರಿಗೆ ಟೆಂಟು ಕಿತ್ತು ಓಡುವ ನಾಟಕ ಕಂಪನಿಯ ಪಾಡು.

ಆಮೇಲೆ ಬಂದದ್ದು ನನಗೆ ಎಲ್ಲಕ್ಕಿಂತ ಇಷ್ಟವಾದ ಪಂದ್ಯ. 1997ರ ಜುಲೈ 27, ಅಲಬಾಮಾದ ಬರ್ಮಿಂಗ್‌ಹ್ಯಾಮ್. ಕೋಲ್‌ಮನ್ ಎದುರು ಮಾರಿಸ್ ಸ್ಮಿತ್. ಸ್ಮಿತ್ ಕಿಕ್‌ಬಾಕ್ಸರ್, ಅಂದರೆ ನಿಂತು ಒದೆಯುವವನು. ಅವತ್ತಿನವರೆಗೆ ಇಂಥವರ ಹಣೆಬರಹ ಗೊತ್ತಿದ್ದದ್ದೇ, ಕುಸ್ತಿಯವನು ಕೆಡವಿದರೆ ಮುಗಿಯಿತು. ಕೋಲ್‌ಮನ್ ಕೆಡವಿಯೂ ಬಿಟ್ಟ. ಮೇಲೆ ಕೂತು ಗುದ್ದಿದ, ಹಣೆಯಿಂದ ಹೊಡೆದ. ಸ್ಮಿತ್ ಕೆಳಗೆ ಮಲಗಿ ತಬ್ಬಿಕೊಂಡ, ತೋಳು ಹಿಡಿದ, ಸುಮ್ನೆ ಕಾದ. ಗಾರ್ಡಿನಲ್ಲಿ ಅವನು ಯಾರನ್ನೂ ಸೋಲಿಸುವಷ್ಟು ಕಲಿತಿರಲಿಲ್ಲ. ಸಾಯದೆ ಉಳಿಯುವಷ್ಟು ಕಲಿತಿದ್ದ, ಅಷ್ಟೇ.

ಅಷ್ಟು ಸಾಕಾಯಿತು. ಮೇಲೆ ಕೂತು ಬಡಿಯೋದಕ್ಕೂ ಉಸಿರು ಬೇಕಲ್ಲ. ದಪ್ಪ ಸ್ನಾಯುಗಳು ಇಂಧನ ಕುಡಿಯೋ ಹಳೇ ಲಾರಿ ಇದ್ದ ಹಾಗೆ. ಕೋಲ್‌ಮನ್ ಬಾಯಿ ತೆರೆದು ಏದುಸಿರು ಬಿಡತೊಡಗಿದ, ಕೈ ಸೊಂಟಕ್ಕೆ ಬಂತು. ಸ್ಮಿತ್ ಎದ್ದು ನಿಂತು ಅವನ ತೊಡೆಗೆ ಒಂದೊಂದಾಗಿ ಒದೆ ಕೊಟ್ಟ. 21 ನಿಮಿಷದ ಪಂದ್ಯ, ಮೂವರು ತೀರ್ಪುಗಾರರೂ ಸ್ಮಿತ್ ಗೆದ್ದ ಅಂದರು. ಯಾವ ಕಲೆ ಹೆಚ್ಚು ಅನ್ನೋ ಕಟ್ಟೆ ಮೇಲಿನ ವಾದ ನನ್ನ ಲೆಕ್ಕದಲ್ಲಿ ಅವತ್ತೇ ಸತ್ತಿತು. ಬೇರೆಯವರ ಕಲೆಯನ್ನು ಅರ್ಧವಾದರೂ ಕಲಿಯದವನಿಗೆ ಇನ್ನು ಉಳಿಗಾಲ ಇರಲಿಲ್ಲ. ಇವತ್ತು ನಾವು ನೋಡೋ ಎಂಎಂಎ ಹುಟ್ಟಿದ್ದು ಗೊರ್ಡೊ ಒದೆಯಿಂದಲ್ಲ, ಸ್ಮಿತ್ ಕೆಳಗೆ ಮಲಗಿ ಕಾದ ಆ ನಿಮಿಷಗಳಿಂದ ಅಂತ ನಾನು ಹೇಳ್ತೀನಿ.

ನಿಯಮಗಳೂ ಒಂದೊಂದಾಗಿ ಸೇರಿಕೊಂಡವು. ಆ ಬರ್ಮಿಂಗ್‌ಹ್ಯಾಮ್ ಕೂಟದಿಂದ ಗ್ಲೌಸ್ ಕಡ್ಡಾಯ. ಮುಂದಿನ ಕೂಟಕ್ಕೆ ಹಣೆಯ ಏಟು ನಿಷೇಧ. ಆಮೇಲೆ ಐದು ನಿಮಿಷದ ಸುತ್ತುಗಳು ಬಂದವು, 2000ದ ಹೊತ್ತಿಗೆ ನ್ಯೂಜೆರ್ಸಿ ರಾಜ್ಯದ ಉಸ್ತುವಾರಿ ಬಂತು.

ಗ್ರೇಸಿಗಳ ಕತೆ ಮಾತ್ರ ಜಪಾನಿನಲ್ಲಿ ಇನ್ನೂ ಬಾಕಿ ಇತ್ತು. ಅಲ್ಲಿ ಹಳೇ ಲೆಕ್ಕವೊಂದಿತ್ತು. 1951ರಲ್ಲಿ ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೋ ವೀರ ಮಸಾಹಿಕೊ ಕಿಮುರಾ, ಅಪ್ಪ ಎಲಿಯೊ ಜೊತೆ ಸೆಣಸಿದ್ದ. ಎಲಿಯೊನನ್ನು ಎತ್ತಿ ಎತ್ತಿ ಒಗೆದ. ಜೂಡೋ ಆಗಿದ್ದರೆ ಮೊದಲ ಒಗೆತಕ್ಕೇ ಮುಗಿಯಬೇಕಿತ್ತು. ಕೊನೆಗೆ ತೋಳು ಹಿಡಿದು ಬೆನ್ನ ಹಿಂದಕ್ಕೆ ತಿರುಚಿದ. ಎಲಿಯೊ ಕೈ ತಟ್ಟಲಿಲ್ಲ. ಮೂಳೆ ಮುರಿಯಿತು, ಆಗಲೂ ತಟ್ಟಲಿಲ್ಲ. ಅಣ್ಣ ಕಾರ್ಲೋಸ್ ಟವೆಲ್ ಎಸೆದು ತಮ್ಮನನ್ನು ಬಿಡಿಸಿಕೊಂಡ. ಬ್ರೆಜಿಲ್‌ನವರು ಆ ಪಟ್ಟಿಗೆ ಗೆದ್ದವನ ಹೆಸರನ್ನೇ ಇಟ್ಟರು, ಕಿಮುರಾ ಅಂತ. ಸೋಲಿಸಿದವನ ಹೆಸರನ್ನು ತಮ್ಮ ವಿದ್ಯೆಗೆ ಇಟ್ಟುಕೊಳ್ಳೋದು ಸಣ್ಣ ಮಾತಲ್ಲ.

1999ರಲ್ಲಿ ಕಜುಶಿ ಸಕುರಾಬಾ ಎಂಬ ಜಪಾನಿ ಅದೇ ಕಿಮುರಾ ಪಟ್ಟಿನಲ್ಲಿ ಹಾಯ್ಸ್‌ನ ಅಣ್ಣ ಹಾಯ್ಲರ್‌ನನ್ನು ಹಿಡಿದ. ಹಾಯ್ಲರ್ ಸೋಲೊಪ್ಪಲಿಲ್ಲ, ರೆಫರಿಯೇ ನಿಲ್ಲಿಸಿದ. ಗ್ರೇಸಿಗಳಿಗೆ ಉರಿದುಹೋಯಿತು. ಹಾಗಾಗಿ 2000ದ ಮೇ 1ರಂದು, ಟೋಕಿಯೊ ಡೋಮ್‌ನಲ್ಲಿ, ಹಾಯ್ಸ್ ತನ್ನದೇ ಷರತ್ತು ಹಾಕಿ ಬಂದ. ರೆಫರಿ ನಿಲ್ಲಿಸಬಾರದು, ಸುತ್ತುಗಳಿಗೆ ಮಿತಿ ಇರಬಾರದು. ಒಂದೊಂದು ಸುತ್ತು 15 ನಿಮಿಷ, ಯಾರಾದರೂ ಸೋಲುವ ತನಕ.

ಸಕುರಾಬಾ ತಮಾಷೆ ಮನುಷ್ಯ. ಅಖಾಡಕ್ಕೆ ಬರುವಾಗ ಒಂದೇ ಥರದ ಮುಖವಾಡ ಹಾಕಿದ ಮೂವರು ಬಂದರು, ಯಾರು ಸಕುರಾಬಾ ಅಂತ ತಿಳಿಯದ ಹಾಗೆ. ಪಂದ್ಯದ ಮಧ್ಯೆ ಹಾಯ್ಸ್‌ನ ಪ್ಯಾಂಟು ಕೆಳಗೆಳೆಯೋಕೂ ನೋಡಿದ. ಆದರೆ ಆಟ ಗಂಭೀರವಾದದ್ದೇ. ಹಾಯ್ಸ್ ಮಲಗಿ ಬಾ ಅಂದರೆ ಇವನು ಸುಲಭಕ್ಕೆ ಹೋಗಲಿಲ್ಲ. ನಿಂತೇ ಕಾಲಿಗೆ ಒದ್ದ. ಏಳು ವರ್ಷದ ಹಿಂದೆ ಹಿಡಿತಕ್ಕೆ ನೆರವಾಗಿದ್ದ ಆ ಬಿಳಿ ಅಂಗಿಯೇ ಈಗ ಎದುರಾಳಿಯ ಕೈಗೆ ಹಿಡಿಯಾಗಿತ್ತು. ಒಂದು ಸುತ್ತು, ಎರಡು, ನಾಲ್ಕು, ಆರು. 90 ನಿಮಿಷ! ಒಂದು ಫುಟ್ಬಾಲ್ ಪಂದ್ಯದಷ್ಟು ಹೊತ್ತು. ಆರನೇ ಸುತ್ತು ಮುಗಿದಾಗ ಹಾಯ್ಸ್‌ಗೆ ಆ ಕಾಲ ಮೇಲೆ ನಿಲ್ಲೋಕೆ ಆಗಲಿಲ್ಲ. ಅವನ ಮನೆಯವರೇ ಟವೆಲ್ ಎಸೆದರು. ಎಲಿಯೊ ಅಲ್ಲೇ ಇದ್ದರು, ವಯಸ್ಸು 86.

ಆ ರಾತ್ರಿ ನಡೆಯುತ್ತಿದ್ದದ್ದು ಟೂರ್ನಿ. ಹಾಗಾಗಿ 90 ನಿಮಿಷ ಆಡಿದ ಸಕುರಾಬಾ ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಬಂದ, ತನಗಿಂತ ಬಹಳ ತೂಕದ ಉಕ್ರೇನಿನ ಇಗೊರ್ ವೊವ್ಚಾಂಚಿನ್ ಜೊತೆ ಇನ್ನೂ 15 ನಿಮಿಷ ಆಡಿದ. ಆಮೇಲೆ ಅವನ ಕಡೆಯವರು ಸಾಕು ಅಂದರು. ವೊವ್ಚಾಂಚಿನ್‌ನನ್ನು ಫೈನಲ್‌ನಲ್ಲಿ ಮೊಣಕಾಲಿನಿಂದ ಗುದ್ದಿ ಸೋಲಿಸಿದವನು ಯಾರು ಗೊತ್ತಾ? ಮೂರು ವರ್ಷದ ಹಿಂದೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಉಸಿರು ಕಳೆದುಕೊಂಡಿದ್ದ ಅದೇ ಮಾರ್ಕ್ ಕೋಲ್‌ಮನ್.

ಚಿಕ್ಕಪ್ಪನಿಗೆ ಅದನ್ನೂ ತೋರಿಸಿದೆ. ಗೆದ್ದ ಖುಷಿಗೆ ಕೋಲ್‌ಮನ್ ಓಡಿ ಹೋಗಿ ರಿಂಗಿನ ಹಗ್ಗ ಹಾರೋಕೆ ನೆಗೆದ, ಹಗ್ಗಕ್ಕೆ ಬಡಿದು ದೊಪ್ಪನೆ ವಾಪಸ್ ಬಿದ್ದ.

ಚಿಕ್ಕಪ್ಪ ಫೋನನ್ನು ಹತ್ತಿರ ಹಿಡಿದು ನೋಡಿದರು. "ಇವನಿಗೆ ಮೀಸೆ ಇಲ್ಲ ಬಿಡು" ಅಂದರು.